ಮಾವನ ಇಂಗ್ಲೆಂಡು

ಇಂಗ್ಲೆಂಡಿನ ಎಂಟನೇ ಹೆನ್ರಿಗೆ ಆರು ಜನ ಹೆಂಡಿರು. ಮೂವರು ಕ್ಯಾಥರೀನ್, ಇಬ್ಬರು ಆ್ಯನ್, ಒಬ್ಬಳು ಜೇನ್. ಯಾರು ಯಾರಾದ ಮೇಲೆ ಬಂದರು, ಯಾರನ್ನು ಬಿಟ್ಟ, ಯಾರ ತಲೆ ತೆಗೆಸಿದ, ಎಲ್ಲವನ್ನೂ ನಮ್ಮ ಸೋದರಮಾವ ಒಂದೇ ಉಸಿರಿಗೆ ಹೇಳಬಲ್ಲರು. ತಮ್ಮ ಒಬ್ಬಳೇ ಹೆಂಡತಿಯ ಹುಟ್ಟುಹಬ್ಬವನ್ನು ಮಾತ್ರ ಅವರಿಗೆ ಮೊಬೈಲೇ ನೆನಪಿಸಬೇಕು. ಅತ್ತೆಗೆ ಇದರಿಂದ ಬೇಜಾರೇನೂ ಇಲ್ಲ. "ಆರರಲ್ಲಿ ಎರಡು ತಲೆ ಹೋದವಂತೆ. ನನ್ನದು ಸದ್ಯ ಇದ್ದಲ್ಲೇ ಇದೆಯಲ್ಲ" ಅನ್ನುತ್ತಾರೆ.

ಮಾವನಿಗೆ ಹಿಡಿದಿರುವುದು ಇಂಗ್ಲಿಷಿನ ಹುಚ್ಚಲ್ಲ, ಇಂಗ್ಲೆಂಡಿನ ಹುಚ್ಚು. ಮೊದಲನೆಯದು ನಮ್ಮಲ್ಲಿ ಬೀದಿಗೆ ಹತ್ತು ಮನೆಗಿದೆ. ಮಗು 'ಕಾಗೆ' ಅಂದರೆ 'ಕ್ರೋ ಅನ್ನು ಪುಟ್ಟಾ' ಎಂದು ತಿದ್ದುವವರ ಮನೆಗಳು. ಮಾವ ಆ ಪೈಕಿ ಅಲ್ಲವೇ ಅಲ್ಲ. ಮಾತು ಅಚ್ಚ ಮೈಸೂರು ಕನ್ನಡ, ಹಣೆಗೆ ಗಂಧ, ಮೊಸರನ್ನಕ್ಕೆ ಮಾವಿನಮಿಡಿ. ಆದರೆ ಅದೇ ಮೊಸರನ್ನ ಕಲಸುತ್ತಾ ಕಲಸುತ್ತಾ ತಟ್ಟನೆ ತಲೆಯೆತ್ತಿ, "ಅಲ್ಲಾ ಕಣೋ, ಆ ಹೆರಾಲ್ಡ್ ಉತ್ತರದಿಂದ ಅಷ್ಟು ಅವಸರವಾಗಿ ಓಡಿ ಬರೋದೇನಿತ್ತು? ಲಂಡನ್ನಿನಲ್ಲಿ ಇನ್ನೂ ನಾಲ್ಕು ದಿನ ಸುಧಾರಿಸಿಕೊಂಡು ಹೋಗಿದ್ದರೆ ಹೇಸ್ಟಿಂಗ್ಸಿನಲ್ಲಿ ಗೆಲ್ಲುತ್ತಿದ್ದ" ಅನ್ನುತ್ತಾರೆ. ಇದು 1066ರ ದೊರೆಯೊಬ್ಬನ ಸಂಗತಿ. ಹೆರಾಲ್ಡ್ ಅಂದರೆ ಮೊನ್ನೆ ಮೊನ್ನೆ ಆಸ್ತಿ ಕೇಸು ಸೋತ ಹತ್ತಿರದ ನೆಂಟನೇನೋ ಅನ್ನಬೇಕು, ಹಾಗಿರುತ್ತದೆ ಧಾಟಿ.

ಹೆರಾಲ್ಡನನ್ನು ಕೊಂದು ಗದ್ದುಗೆ ಹತ್ತಿದ ನಾರ್ಮಂಡಿಯ ವಿಲಿಯಂ ಮೇಲೆ ಮಾವನಿಗೆ ಸಿಟ್ಟಿರಬೇಕಿತ್ತು. ಇಲ್ಲ. ವಿಲಿಯಂ ಒಂದು ಲೆಕ್ಕದ ಪುಸ್ತಕ ಬರೆಸಿದ್ದಾನೆ, ಅಷ್ಟಕ್ಕೇ ಅವನ ಸಕಲ ಪಾಪವೂ ಮಾಫಿ. 1085ರ ಕ್ರಿಸ್‌ಮಸ್ ಹೊತ್ತಿಗೆ ಅಪ್ಪಣೆಯಾಯಿತು. ಮರುವರ್ಷ ಊರೂರಿಗೂ ಆಳುಗಳು ಹೋಗಿ ಯಾರ ಕೈಯಲ್ಲಿ ಎಷ್ಟು ಭೂಮಿ, ಎಷ್ಟು ನೇಗಿಲು, ಎಷ್ಟು ನೀರುಗಿರಣಿ, ಕಾಡಿನಲ್ಲಿ ಎಷ್ಟು ಹಂದಿ ಮೇಯಬಹುದು, ಹಿಂದಿನ ರಾಜನ ಕಾಲಕ್ಕೆ ಬೆಲೆ ಎಷ್ಟಿತ್ತು, ಈಗೆಷ್ಟು ಎಂದು ಬರೆದುಕೊಂಡು ಬಂದರು. ಡೂಮ್ಸ್‌ಡೇ ಬುಕ್ ಅಂತ ಅದರ ಹೆಸರು. 13 ಸಾವಿರಕ್ಕೂ ಹೆಚ್ಚು ಊರುಗಳ ಲೆಕ್ಕ. ಮಾವ ಶ್ಯಾನುಭೋಗರ ಮನೆತನದವರು, ಅದರ ಮೇಲೆ ಸರ್ಕಾರಿ ಲೆಕ್ಕಪತ್ರ ಶಾಖೆಯಲ್ಲಿ ಸವೆದು ನಿವೃತ್ತರಾದವರು. ಒಂಬೈನೂರು ವರ್ಷ ದಾಟಿದ ಪಹಣಿಯೊಂದು ಗೆದ್ದಲು ಹಿಡಿಯದೆ, ಮಳೆಯಲ್ಲಿ ನೆನೆಯದೆ ಲಂಡನ್ನಿನ ಕ್ಯೂ ಬಡಾವಣೆಯ ದಫ್ತರಖಾನೆಯಲ್ಲಿ ಭದ್ರವಾಗಿದೆ ಅಂದರೆ ಅವರಿಗೆ ಗಂಟಲು ಕಟ್ಟುತ್ತದೆ. "ನಮ್ಮಲ್ಲಿ ಅಜ್ಜನ ಕಾಲದ ಖಾತೆ ಹುಡುಕಿಸೋಕೆ ಎಷ್ಟು ಚಪ್ಪಲಿ ಸವೆಯಬೇಕು, ಹೇಳು!" ಹಾಗಂತ ತಕರಾರೇ ಇಲ್ಲ ಅಂತಲ್ಲ. ಆ ಪುಸ್ತಕದಲ್ಲಿ ಲಂಡನ್ನೂ ಇಲ್ಲ, ವಿಂಚೆಸ್ಟರೂ ಇಲ್ಲ. "ರಾಜಧಾನಿಯನ್ನೇ ಬಿಟ್ಟುಬಿಟ್ಟಿದಾರೆ. ನಮ್ಮ ಶಾಖೆಯಲ್ಲಾಗಿದ್ದರೆ ಆಡಿಟ್‌ನವರು ಬಿಡ್ತಿದ್ದರಾ?"

ಆದರೆ ಮಾವನ ಪರಮಪ್ರಿಯ ಕಥೆ ಪಂಚಾಂಗದ್ದು. ಲೆಕ್ಕದ ಶಾಖೆಯವರಿಗೆ ಮಾರ್ಚಿನ ಕೊನೆಯ ವಾರ ಅಂದರೆ ಏನೆಂದು ಅವರ ಮನೆಯವರನ್ನು ಕೇಳಬೇಕು. ಇಂಗ್ಲೆಂಡಿನಲ್ಲಿ 18ನೇ ಶತಮಾನದ ನಡುವಿನವರೆಗೂ ಕಾಯಿದೆಯ ಪ್ರಕಾರ ಹೊಸ ವರ್ಷ ಹುಟ್ಟುತ್ತಿದ್ದುದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ. ಒಂದನೇ ಚಾರ್ಲ್ಸ್ ದೊರೆಯ ತಲೆ ಕಡಿದದ್ದು ನಮ್ಮ ಲೆಕ್ಕಕ್ಕೆ 1649ರ ಜನವರಿ 30. ಅಂದು ಸುತ್ತ ನಿಂತು ನೋಡಿದವರ ಲೆಕ್ಕಕ್ಕೆ ಅದಿನ್ನೂ 1648. "ಮಾರ್ಚಿನಲ್ಲಿ ಹೊಸ ವರ್ಷ! ಯುಗಾದಿಯೇ ಕಣೋ ಅದು. ಬೇವು ಬೆಲ್ಲ ಒಂದು ಇರಲಿಲ್ಲ ಅಷ್ಟೆ." ಪೋಪ್ ಗ್ರೆಗರಿ 1582ರಲ್ಲೇ ಪಂಚಾಂಗ ತಿದ್ದಿಸಿದ್ದ. ಪೋಪ್ ಹೇಳಿದ್ದನ್ನು ನಾವ್ಯಾಕೆ ಕೇಳಬೇಕು ಎಂದು ಇಂಗ್ಲೆಂಡು ಹಟಕ್ಕೆ ಬಿದ್ದು, 170 ವರ್ಷ ಪಕ್ಕದ ದೇಶಗಳಿಗಿಂತ ಹತ್ತು ಹನ್ನೊಂದು ದಿನ ಹಿಂದೆ ಬಿದ್ದೇ ಬದುಕಿತು. ಕೊನೆಗೆ 1752ರಲ್ಲಿ ಸೋತು ಒಪ್ಪಿಕೊಂಡಿತು. ಸೆಪ್ಟೆಂಬರ್ 2ರ ಬುಧವಾರ ರಾತ್ರಿ ಮಲಗಿದವರು ಎದ್ದಾಗ ಸೆಪ್ಟೆಂಬರ್ 14ರ ಗುರುವಾರ. ನಡುವಿನ ಹನ್ನೊಂದು ದಿನ ಗುಳುಂ.

ಖಜಾನೆಯವರು ಮಾತ್ರ ಹನ್ನೊಂದು ದಿನದ ತೆರಿಗೆ ಬಿಟ್ಟುಕೊಡಲಿಲ್ಲ. ಮಾರ್ಚ್ 25ಕ್ಕೆ ಹುಟ್ಟುತ್ತಿದ್ದ ಲೆಕ್ಕದ ವರ್ಷವನ್ನು ಹನ್ನೊಂದು ದಿನ ಆಚೆಗೆ ತಳ್ಳಿ ಏಪ್ರಿಲ್ 5ಕ್ಕೆ ತಂದರು. 1800ರಲ್ಲಿ ಇನ್ನೊಂದು ದಿನ ಸರಿದು ಏಪ್ರಿಲ್ 6 ಆಯಿತು. ಇವತ್ತಿಗೂ ಅಲ್ಲಿನ ತೆರಿಗೆಯ ವರ್ಷ ಶುರುವಾಗುವುದು ಏಪ್ರಿಲ್ 6ಕ್ಕೇ. ನಮಗೆ ಏಪ್ರಿಲ್ 1ನ್ನು ಅಂಟಿಸಿ ಹೋದವರೂ ಅವರೇ. 1867ರಲ್ಲಿ, ಅದಕ್ಕೆ ಮೊದಲು ಮೇ 1 ಇದ್ದದ್ದನ್ನು ಬದಲಾಯಿಸಿ. ಆಯುಷ್ಯವಿಡೀ ಮಾವನನ್ನು ಮಾರ್ಚಿನ ಗಾಣಕ್ಕೆ ಕಟ್ಟಿದವರು ಯಾರೋ ಅವರನ್ನೇ ಮಾವ ಹೀಗೆ ಹೊಗಳುತ್ತಾರೆ. ಅತ್ತೆ ಸೊಪ್ಪು ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಹಾಕಿದರು: "ಆ ಹನ್ನೊಂದು ದಿನದಲ್ಲಿ ಯಾರ ಮನೆಯದಾದರೂ ತಿಥಿ ಇದ್ದಿದ್ದರೆ ಏನು ಮಾಡಿದರಂತೆ?" ಮಾವ ಈಗಲೂ ಹುಡುಕುತ್ತಿದ್ದಾರೆ.

ಈ ರೋಗ ಹತ್ತಿಸಿಕೊಂಡವರಲ್ಲಿ ಮಾವ ಮೊದಲಿಗರೇನಲ್ಲ, ದೊಡ್ಡ ಪರಂಪರೆಯೇ ಇದೆ. ಫ್ರಾನ್ಸಿನ ವೋಲ್ಟೇರ್ 1726ರಲ್ಲಿ ಲಂಡನ್ನಿಗೆ ಹೋದ. ಗಣಿತದ ನ್ಯೂಟನ್ನನಿಗೆ ರಾಜರ ಸಮಾಧಿಗಳ ನಡುವೆ ಜಾಗ ಕೊಟ್ಟದ್ದನ್ನು ಕಂಡು ಬೆರಗಾಗಿ, ಇಂಗ್ಲೆಂಡನ್ನು ಹೊಗಳಿ ಪುಸ್ತಕ ಬರೆದ. ಪ್ಯಾರಿಸಿನವರು 1734ರಲ್ಲಿ ಆ ಪುಸ್ತಕವನ್ನು ಸುಟ್ಟರು. ಇನ್ನೊಬ್ಬರು ನಿಕೋಲಸ್ ಪೆವ್ಸ್ನರ್. ಲೈಪ್‌ಜಿಗ್‌ನಲ್ಲಿ ಹುಟ್ಟಿದ ಜರ್ಮನ್, ಹಿಟ್ಲರನ ಕಾಟಕ್ಕೆ ಇಂಗ್ಲೆಂಡು ಸೇರಿದವರು. 1940ರಲ್ಲಿ ಶತ್ರುದೇಶದವನೆಂದು ಅವರನ್ನು ಹಿಡಿದು ಒಳಗಿಟ್ಟರು. ಹೊರಗೆ ಬಂದ ಮನುಷ್ಯ ಕೋಪಿಸಿಕೊಳ್ಳುವುದು ಬಿಟ್ಟು ಇಂಗ್ಲೆಂಡಿನ ಹಳ್ಳಿ ಹಳ್ಳಿಯ ಚರ್ಚು, ಮನೆ, ಸೇತುವೆಗಳನ್ನೆಲ್ಲ ನೋಡಿ 1951ರಿಂದ 1974ರವರೆಗೆ 46 ಸಂಪುಟ ಬರೆದು ಮುಗಿಸಿದರು. ಮೊದಮೊದಲು ಕಾರು ಓಡಿಸಿದ್ದು ಹೆಂಡತಿ. ಈ ಕೊನೆಯ ವಿವರವನ್ನು ಮಾವ ಅತ್ತೆಗೆ ಕೇಳಿಸುವಂತೆ ಎರಡು ಸಲ ಹೇಳುತ್ತಾರೆ.

ನಮ್ಮ ಕಡೆಯ ಕುಲಗುರು ಅಂದರೆ ನೀರದ್ ಚೌಧುರಿ. ಪೂರ್ವ ಬಂಗಾಳದ ಸಣ್ಣ ಊರಿನಲ್ಲಿ 1897ರಲ್ಲಿ ಹುಟ್ಟಿ, ಪುಸ್ತಕ ಓದಿ ಓದಿಯೇ ಇಂಗ್ಲೆಂಡನ್ನು ಕಟ್ಟಿಕೊಂಡವರು. ಸ್ವಾತಂತ್ರ್ಯ ಬಂದ ನಾಲ್ಕೇ ವರ್ಷಕ್ಕೆ, 1951ರಲ್ಲಿ, ತಮ್ಮ ಆತ್ಮಕಥೆಯನ್ನು ಭಾರತದಲ್ಲಿನ ಬ್ರಿಟಿಷ್ ಸಾಮ್ರಾಜ್ಯದ ನೆನಪಿಗೆ ಅರ್ಪಿಸಿ ದೇಶದ ತುಂಬ ಬೈಸಿಕೊಂಡರು. ಇಷ್ಟೆಲ್ಲ ಆದ ಮೇಲೆ ಅವರು ಇಂಗ್ಲೆಂಡನ್ನು ಕಣ್ಣಾರೆ ಕಂಡದ್ದು 1955ರಲ್ಲಿ, 57ನೇ ವಯಸ್ಸಿಗೆ! ಆಮೇಲೆ ಆಕ್ಸ್‌ಫರ್ಡಿಗೇ ಹೋಗಿ ನೆಲೆಸಿ, 101 ವರ್ಷ ಬದುಕಿ, ಅಲ್ಲೇ ತೀರಿಕೊಂಡರು. ಇಂಗ್ಲಿಷರು ಮರೆತುಬಿಟ್ಟಿದ್ದ ಇಂಗ್ಲಿಷ್ ಶಿಷ್ಟಾಚಾರಗಳನ್ನು ಇಂಗ್ಲಿಷರಿಗೇ ಹೇಳಿಕೊಡುವ ಮಟ್ಟಕ್ಕೆ ಹೋಗಿದ್ದರು. ಹೆಣ್ಣು ಕೊಟ್ಟ ಮಾವನ ಮನೆಯ ಗೋತ್ರಪ್ರವರ ಆ ಮನೆಯವರಿಗಿಂತ ಅಳಿಯನಿಗೇ ಚೆನ್ನಾಗಿ ಗೊತ್ತಿದ್ದರೆ ಮನೆಯವರಿಗೆ ಎಷ್ಟು ಮುಜುಗರ, ಯೋಚಿಸಿ.

ನಮ್ಮ ಮಾವನಿಗೂ ಕೊನೆಗೊಂದು ಯೋಗ ಬಂತು. ಮಗಳು ಅಳಿಯ ಇರುವುದು ಲೆಸ್ಟರ್‌ನಲ್ಲಿ. ಅತ್ತೆ ಹೊರಟದ್ದು ಮಗಳ ಬಾಣಂತನಕ್ಕೆ; ಮಾವ ಹೊರಟದ್ದು ಮೂರನೇ ರಿಚರ್ಡನ ದರ್ಶನಕ್ಕೆ. ಅತ್ತೆಯ ಸೂಟ್‌ಕೇಸಿನ ತುಂಬ ಬಾಣಂತಿ ಲೇಹ್ಯ, ಮೆಣಸಿನಪುಡಿ, ಹಳೇ ಹತ್ತಿ ಸೀರೆ. ಮಾವನದರಲ್ಲಿ ನಕ್ಷೆಗಳು.

ರಿಚರ್ಡನ ಕಥೆ ಗೊತ್ತಲ್ಲ? 1485ರಲ್ಲಿ ಬಾಸ್ವರ್ತ್ ಬಯಲಿನಲ್ಲಿ ಸತ್ತ ರಾಜ. ಹೆಣವನ್ನು ಲೆಸ್ಟರಿನ ಒಂದು ಮಠದಲ್ಲಿ ಹೂಳಿದರು. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಆ ಮಠವೂ ಹೋಯಿತು, ಸಮಾಧಿಯ ಗುರುತೂ ಅಳಿಸಿತು. 2012ರಲ್ಲಿ ಅಗೆದು ನೋಡಿದರೆ ನಗರಸಭೆಯ ಕಾರು ನಿಲ್ದಾಣದ ಕೆಳಗೆ ಮಹಾರಾಜರು! ಬೆನ್ನುಮೂಳೆ ಸೊಟ್ಟ, ತಲೆಬುರುಡೆಯ ಮೇಲೆ ಕತ್ತಿಯೇಟು. ಅಕ್ಕನ ವಂಶದ ಕುಡಿಯೊಬ್ಬ, ಕೆನಡಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಮರಗೆಲಸ ಮಾಡಿಕೊಂಡಿದ್ದವನು, ಸಿಕ್ಕಿ ಡಿಎನ್‌ಎ ತಾಳೆಯಾಯಿತು. ಅಗೆದ ಜಾಗದ ಡಾಂಬರಿನ ಮೇಲೆ ಮೊದಲೇ 'ಆರ್' ಅಂತ ಅಕ್ಷರ ಬರೆದಿತ್ತು. ಬರೆದವರಿಗೆ ರಿಚರ್ಡ್ ಗೊತ್ತಿರಲಿಲ್ಲ. ಅದು ಯಾವುದೋ ಸಾಹೇಬರ ಕಾರಿಗೆ ಕಾದಿರಿಸಿದ ಜಾಗ ಅನ್ನುವ ಗುರುತು. 2015ರ ಮಾರ್ಚಿನಲ್ಲಿ ಲೆಸ್ಟರ್ ಕೆಥೆಡ್ರಲ್‌ನಲ್ಲಿ ವಿಧಿವತ್ತಾಗಿ ಮತ್ತೆ ಮಣ್ಣು ಮಾಡಿದರು. ಮುಂದಿನ ವರ್ಷ, ಬಾಜಿ ಕಟ್ಟುವವರು ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಎಂದು ನಕ್ಕಿದ್ದ ಲೆಸ್ಟರ್ ಸಿಟಿ ಫುಟ್‌ಬಾಲ್ ತಂಡ ಪ್ರೀಮಿಯರ್ ಲೀಗ್ ಗೆದ್ದುಬಿಟ್ಟಿತು. ಊರಿನವರು ತಮಾಷೆಗೆ ರಾಜನ ಕೃಪೆ ಅಂದರು. ಮಾವ ತಮಾಷೆ ಅಂದುಕೊಂಡಿಲ್ಲ. "ಸಂಸ್ಕಾರ ಆಗದೆ ಐನೂರು ಮೂವತ್ತು ವರ್ಷ ಬಿದ್ದಿದ್ದ ಜೀವ ಕಣೋ. ಸಂಸ್ಕಾರ ಆಯ್ತು, ಊರಿಗೆ ಒಳ್ಳೇದಾಯ್ತು. ಇದರಲ್ಲಿ ಆಶ್ಚರ್ಯ ಏನಿದೆ?" ಅಂದು ಫೋನಿನಲ್ಲೇ ಕೈಮುಗಿದ ಸದ್ದು ಕೇಳಿಸಿತು. ಈ ಒಂದು ವಾದದಲ್ಲಿ ಅತ್ತೆ ಕೂಡ ಮಾವನ ಕಡೆ.

ನೋವು ಬಂದದ್ದು ಪಕ್ಕದ ಮನೆಯಿಂದ. ಆ ಮನೆಯ ಬಿಳಿಯ ಹಿರಿಯರು ಸಂಭಾವಿತರು. ಬೇಲಿಯ ಆಚೆಯಿಂದ ಹವಾಮಾನ ವಿಚಾರಿಸುವವರು. ಮಾವ ಎರಡು ದಿನ ಹವಾಮಾನ ಮಾತಾಡಿ, ಮೂರನೆಯ ದಿನ ತಡೆಯಲಾರದೆ ಬಾಸ್ವರ್ತ್ ಯುದ್ಧಕ್ಕೆ ಕೈಹಾಕಿದರು. ಸ್ಟ್ಯಾನ್ಲಿ ಮನೆತನದವರು ಕೊನೆಯ ಗಳಿಗೆಯಲ್ಲಿ ರಿಚರ್ಡನ ವಿರುದ್ಧ ತಿರುಗಿದ್ದು ಸರಿಯೇ ತಪ್ಪೇ? ಹಿರಿಯರು ಕಕ್ಕಾಬಿಕ್ಕಿ. ಬಾಸ್ವರ್ತ್ ಬಯಲು ಅಲ್ಲಿಂದ 20 ಕಿಲೋಮೀಟರ್ ಆಸುಪಾಸು. ಅವರು ಹುಟ್ಟಿ ಬೆಳೆದದ್ದು ಲೆಸ್ಟರಿನಲ್ಲೇ. ಅಲ್ಲಿಗೆ ಒಂದು ಸಲವೂ ಹೋಗಿಲ್ಲವಂತೆ. ಕಸದ ಡಬ್ಬ ಯಾವ ವಾರ ಯಾವ ಬಣ್ಣದ್ದು ಹೊರಗಿಡಬೇಕು ಅನ್ನುವುದನ್ನು ಮಾತ್ರ ತುಂಬ ವಿವರವಾಗಿ ಹೇಳಿದರು. ಮಾವ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. "ಇಂಗ್ಲೆಂಡಿನಲ್ಲಿ ಹುಟ್ಟಿ ಬಾಸ್ವರ್ತ್ ನೋಡಿಲ್ಲ ಅಂದರೆ ಏನು ಬಾಳು ಅದು!"

ಅತ್ತೆ ಮಗುವಿಗೆ ಹಾಕುವ ಸಾಂಬ್ರಾಣಿ ಹೊಗೆಯ ಮಧ್ಯದಿಂದ ಕೇಳಿದರು: "ರೀ, ನೀವು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿದ್ದ ಜಾಗ ಎಷ್ಟು ಸಲ ನೋಡಿದೀರಿ?"

ಮೈಸೂರಿಂದ ಶ್ರೀರಂಗಪಟ್ಟಣಕ್ಕೆ 15 ಕಿಲೋಮೀಟರ್. ಮಾವ ಸಂಗಮಕ್ಕೆ ಹೋಗಿದ್ದಾರೆ, ನಿಮಿಷಾಂಬನ ಗುಡಿಗೆ ಹೋಗಿದ್ದಾರೆ, ರಂಗನಾಥನನ್ನು ಕಂಡಿದ್ದಾರೆ. ಆ ಜಾಗವನ್ನು ಬಸ್ಸಿನ ಕಿಟಕಿಯಿಂದಲೂ ನೋಡಿದ್ದಿಲ್ಲ.

ನನಗಂತೂ ಅತ್ತೆಯ ಈ ಒಂದು ಪ್ರಶ್ನೆಯಲ್ಲೇ ಎಲ್ಲ ಇದೆ ಅನ್ನಿಸುತ್ತದೆ. ಲೆಸ್ಟರಿನ ಹಿರಿಯರಿಗೆ ಬಾಸ್ವರ್ತ್ ಬೇಡ, ನಮಗೆ ಶ್ರೀರಂಗಪಟ್ಟಣ ಬೇಡ. ಶ್ರೀರಂಗಪಟ್ಟಣ ಬೇಕಾಗಿದ್ದದ್ದು ಇಂಗ್ಲಿಷರಿಗೇ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ 'ದಿ ಮೂನ್‌ಸ್ಟೋನ್' ಕಾದಂಬರಿ ಶುರುವಾಗುವುದೇ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಿಂದ. ಇತಿಹಾಸ ರುಚಿ ಹತ್ತಬೇಕಾದರೆ ಅದು ಬೇರೆಯವರ ಮನೆಯದೇ ಆಗಿರಬೇಕೇನೋ. ನಮ್ಮ ಮನೆಯದಾದರೆ ಪಾಲುದಾರರಿರುತ್ತಾರೆ, ಜಗಳವಿರುತ್ತದೆ, ಯಾರ ಪ್ರತಿಮೆಗೆ ಯಾರು ಹಾರ ಹಾಕಬೇಕು ಅನ್ನುವ ರಗಳೆ ಇರುತ್ತದೆ. ಹೆರಾಲ್ಡನಿಗೆ ಜೈ ಅಂದರೆ ಮೈಸೂರಿನಲ್ಲಿ ಯಾರೂ ಕಲ್ಲು ಹೊಡೆಯುವುದಿಲ್ಲ.

ಬಾಣಂತನದ ಬಿಡುವಿನಲ್ಲಿ ಲಂಡನ್ ಯಾತ್ರೆಯೂ ಆಯಿತು. ಗೋಪುರದ ಕೋಟೆಯಲ್ಲಿ ರೇವನ್ ಎಂಬ ದಪ್ಪ ಕಾಗೆಗಳನ್ನು ಸಾಕಿದ್ದಾರೆ. ಆರಕ್ಕೆ ಕಡಿಮೆಯಾಗುವಂತಿಲ್ಲ, ಅವು ಬಿಟ್ಟು ಹೋದರೆ ರಾಜ್ಯ ಬೀಳುತ್ತದೆಂದು ಪ್ರತೀತಿ. ಅವನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ, ಅವಕ್ಕೆ ಸೈನಿಕರಂತೆ ನೇಮಕಾತಿ. ಜಾರ್ಜ್ ಎಂಬ ಕಾಗೆ ಟಿವಿ ಆಂಟೆನಾಗಳನ್ನು ಕುಕ್ಕಿ ಹಾಳು ಮಾಡಿತೆಂದು 1986ರಲ್ಲಿ ಅದನ್ನು ನೌಕರಿಯಿಂದ ವಜಾ ಮಾಡಿ ವೇಲ್ಸಿನ ಮೃಗಾಲಯಕ್ಕೆ ಕಳಿಸಿದರು. ಮಾವ ಇದನ್ನೆಲ್ಲ ಗಂಭೀರವಾಗಿ ವಿವರಿಸುತ್ತಿದ್ದರೆ ಅತ್ತೆ, "ನಾವು ತಿಥಿ ದಿನ ಪಿಂಡ ಇಟ್ಟು ಕಾಗೆ ಬರಲಿ ಬರಲಿ ಅಂತ ಕಾಯ್ತೀವಿ, ಇವರು ಹೋಗದಿರಲಿ ಅಂತ ಕಾಯ್ತಾರೆ. ಒಟ್ಟಿನಲ್ಲಿ ಕಾಯೋದು ತಪ್ಪಲಿಲ್ಲ" ಅಂದರಂತೆ.

ಪಾರ್ಲಿಮೆಂಟಿನ ಎದುರಿಗೆ ಆಲಿವರ್ ಕ್ರಾಮ್‌ವೆಲ್ಲನ ಪ್ರತಿಮೆ. ಚಾರ್ಲ್ಸ್‌ನ ತಲೆ ತೆಗೆಸಿದವರ ಮುಂದಾಳು. 1658ರಲ್ಲಿ ಸತ್ತಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ರಾಜಮರ್ಯಾದೆಯಿಂದ ಹೂಳಿದರು. ಎರಡು ವರ್ಷಕ್ಕೆ ಚಾರ್ಲ್ಸ್‌ನ ಮಗ ಪಟ್ಟಕ್ಕೆ ಬಂದ. 1661ರ ಜನವರಿ 30ರಂದು, ಅಪ್ಪ ಸತ್ತ ದಿನವೇ ನೋಡಿ, ಹೆಣವನ್ನು ಹೊರತೆಗೆಸಿ ನೇಣಿಗೆ ಹಾಕಿ, ತಲೆ ಕಡಿದು ಕಂಬಕ್ಕೆ ಸಿಕ್ಕಿಸಿದರು. ಆ ತಲೆ ಆಮೇಲೆ ಕೈಯಿಂದ ಕೈಗೆ ಹೋಗಿ, ಪ್ರದರ್ಶನದ ವಸ್ತುವಾಗಿ, ಮಣ್ಣು ಕಂಡದ್ದು 1960ರಲ್ಲಿ, ಕೇಂಬ್ರಿಜ್ಜಿನ ಅವನು ಓದಿದ ಕಾಲೇಜಿನಲ್ಲಿ. ಇಷ್ಟು ಮಾಡಿದವರೇ 1899ರಲ್ಲಿ ಅವನಿಗೆ ಪಾರ್ಲಿಮೆಂಟಿನ ಬಾಗಿಲಲ್ಲಿ ಪ್ರತಿಮೆಯನ್ನೂ ನಿಲ್ಲಿಸಿದರು. ತಲೆ ಇನ್ನೂ ಮಣ್ಣಿಗೆ ಹೋಗಿರಲಿಲ್ಲ!

ಸುತ್ತಿ ಸುತ್ತಿ ಸುಸ್ತಾದ ಅತ್ತೆ ಒಂದು ಸಂಜೆ ಲೆಕ್ಕಕ್ಕೆ ಕೂತರು. ಅವರೂ ಬ್ಯಾಂಕಿನಿಂದ ನಿವೃತ್ತರಾದವರು, ಜಮಾ ಖರ್ಚು ತಾಳೆಯಾಗದೆ ಬಿಡುವವರಲ್ಲ. "ನೀವು ಇಂಗ್ಲಿಷರದು ಇಂಗ್ಲಿಷರದು ಅಂತೀರಲ್ಲ, ಅವರದು ಅಂತ ಏನಿದೆ?" ನಾಡದೇವರಂತಿರುವ ಸಂತ ಜಾರ್ಜ್? ಈಗಿನ ಟರ್ಕಿಯ ಕಡೆಯವನಂತೆ. ಇಂಗ್ಲೆಂಡಿಗೆ ಕಾಲಿಟ್ಟವನೇ ಅಲ್ಲ. ಟೀ? ಚೀನಾದ್ದು; ಆಸ್ಥಾನದಲ್ಲಿ ಅದಕ್ಕೆ ಮಾನ ತಂದವಳು 1662ರಲ್ಲಿ ಸೊಸೆಯಾಗಿ ಬಂದ ಪೋರ್ಚುಗಲ್ಲಿನ ರಾಜಕುಮಾರಿ. ರಾಜರು? ನಾರ್ಮಂಡಿಯಿಂದ ಬಂದವರು, ವೇಲ್ಸ್ ಮೂಲದವರು, ಸ್ಕಾಟ್‌ಲೆಂಡಿನವರು, ಒಬ್ಬ ಡಚ್ಚಿನವನು, 1714ರ ಮೇಲೆ ಜರ್ಮನ್ನರು; ಜರ್ಮನಿಯ ಮೇಲೆ ಯುದ್ಧ ನಡೆಯುವಾಗ ಮನೆತನದ ಹೆಸರು ಜರ್ಮನ್ ಇದ್ದರೆ ಚೆನ್ನಾಗಿರದು ಎಂದು 1917ರಲ್ಲಿ ವಿಂಡ್ಸರ್ ಅಂತ ಬದಲಾಯಿಸಿಕೊಂಡವರು. ಪಟ್ಟಾಭಿಷೇಕದಲ್ಲಿ ಮೈ ಜುಮ್ಮೆನ್ನಿಸುವ ಆ ಗಾಯನ? 1727ರಲ್ಲಿ ಹ್ಯಾಂಡೆಲ್ ಕಟ್ಟಿದ್ದು. ಅವನೂ ಜರ್ಮನಿಯಲ್ಲಿ ಹುಟ್ಟಿ ಅದೇ ವರ್ಷ ಇಲ್ಲಿನ ಪ್ರಜೆಯಾದವನು. ಕೊನೆಗೆ ರಾಜರ ಮೈ ಉಜ್ಜಿದವನೂ ನಮ್ಮವನೇ. ಪಾಟ್ನಾದ ದೀನ್ ಮಹಮ್ಮದ್ 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಮನೆ ತೆರೆದು, ದಿವಾಳಿಯೆದ್ದು, ಆಮೇಲೆ ಬ್ರೈಟನ್ನಿನಲ್ಲಿ ಮಾಲೀಶು ಸ್ನಾನದ ಮನೆ ಇಟ್ಟು ಇಬ್ಬರು ರಾಜರಿಗೆ ಚಂಪಿ ಮಾಡಿ ಹೆಸರಾದ.

ಮಾವ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದರಂತೆ: "ಎಲ್ಲರದ್ದನ್ನೂ ತಗೊಂಡು ನಮ್ಮದು ಅಂತ ರಿಜಿಸ್ಟರಿನಲ್ಲಿ ಬರೆಸಿಕೊಂಡರಲ್ಲ, ಅದು ಅವರದ್ದು." ನನಗೆ ಈ ಉತ್ತರ ಹಿಡಿಸಿತು. ಆ ಸುತ್ತು ಮಾವನದೇ.

ಮರುದಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿ. ಬಿದ್ದ ಬಿಳಿಯ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿದ ಮರದ ಹುಲಿ, ಹೊಟ್ಟೆಯೊಳಗೆ ವಾದ್ಯ. ಹಿಡಿ ತಿರುಗಿಸಿದರೆ ಹುಲಿ ಗುರ್ರೆನ್ನುತ್ತದೆ, ಸಿಪಾಯಿ ನರಳಿ ಕೈ ಎತ್ತುತ್ತಾನೆ. ಮೊದಲು ಇದನ್ನು ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದರು. ಬಂದವರೆಲ್ಲ ಹಿಡಿ ತಿರುಗಿಸಿ, ಪಕ್ಕದ ವಾಚನಾಲಯದಲ್ಲಿ ಓದುತ್ತಿದ್ದ ಪಂಡಿತರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತಂತೆ. ಟಿಪ್ಪು ಸತ್ತ ಮೇಲೂ ಕಂಪನಿಯವರ ನೆಮ್ಮದಿ ಕೆಡಿಸುತ್ತಲೇ ಇದ್ದ. ಮಾವ ಗಾಜಿನ ಮುಂದೆ ನಿಂತು, "ನಮ್ಮ ಕಡೆಯದು ಇದು!" ಎಂದು ಸುತ್ತಲಿದ್ದವರಿಗೆ ಕೇಳುವಂತೆ ಕನ್ನಡದಲ್ಲಿ ಘೋಷಿಸಿದರು. ಅತ್ತೆ ಮೆಲ್ಲಗೆ, "ನಮ್ಮ ಕಡೆಯೇ ಇದ್ದಿದ್ದರೆ ನೀವು ನೋಡ್ತಿದ್ದಿರಾ?" ಅಂದರು.

ಲೂಟಿಯ ಮಾತಿಗೆ ಬಂದರೆ ಮಾತ್ರ ನನಗೂ ಮಾವನಿಗೂ ಸರಿಬರುವುದಿಲ್ಲ. ಶ್ರೀರಂಗಪಟ್ಟಣ ಸೂರೆಯಾದ ಮೇಲೆ ಸೈನ್ಯದವರು ಒಂದು ಸಮಿತಿ ಮಾಡಿ, ಸಿಕ್ಕಿದ್ದನ್ನೆಲ್ಲ ಬೆಲೆ ಕಟ್ಟಿ, ದರ್ಜೆಗೆ ತಕ್ಕಂತೆ ಜನರಲ್‌ನಿಂದ ಸಿಪಾಯಿಯವರೆಗೆ ಹಂಚಿಕೊಂಡರು. "ಲೂಟಿಗೂ ಲೆಕ್ಕ ಇಟ್ಟಿದಾರೆ ನೋಡು" ಎಂದು ಮಾವ ಕಣ್ಣರಳಿಸುತ್ತಾರೆ. ಕಳ್ಳ ರಸೀದಿ ಕೊಟ್ಟರೆ ಕಳವು ಮಾಫಿಯೇ ಮಾವ, ಅಂದರೆ ಅವರಿಗೆ ಆಗ ಕಿವಿ ಸ್ವಲ್ಪ ಮಂದ.

ಊರಿಗೆ ಮರಳಿದ ಮೇಲೆ ಅವರನ್ನು ಸಮಾಧಾನ ಮಾಡಲು ನಾನೇ ಒಂದು ಸುದ್ದಿ ಹುಡುಕಿಕೊಂಡು ಹೋದೆ. ವಿನ್‌ಸ್ಟನ್ ಚರ್ಚಿಲ್ 1896ರಲ್ಲಿ ಕುದುರೆಪಡೆಯ ಎಳೆಯ ಅಧಿಕಾರಿಯಾಗಿ ಬೆಂಗಳೂರಿನ ದಂಡಿಗೆ ಬಂದ. ಬೆಳಿಗ್ಗೆ ಕವಾಯತು, ಸಂಜೆ ಪೋಲೋ, ನಡುವೆ ಗುಲಾಬಿ ಗಿಡ, ಚಿಟ್ಟೆ ಹಿಡಿಯುವುದು. ಮಧ್ಯಾಹ್ನದ ಬಿಸಿಲಿಗೆ ಮಾಡಲು ಬೇರೆ ಕಸುಬಿಲ್ಲದೆ ಅಮ್ಮನಿಂದ ಪುಸ್ತಕ ತರಿಸಿಕೊಂಡು ಗಿಬ್ಬನ್ನನ್ನೂ ಮೆಕಾಲೆಯ ಇಂಗ್ಲೆಂಡಿನ ಇತಿಹಾಸವನ್ನೂ ಓದಿದ್ದು ಬೆಂಗಳೂರಿನಲ್ಲಿ. ಶಾಲೆಯಲ್ಲಿ ದಡ್ಡ ಅನ್ನಿಸಿಕೊಂಡವನು ಮುಂದೆ ದೊಡ್ಡ ದೊಡ್ಡ ಇತಿಹಾಸ ಬರೆದು ನೊಬೆಲ್ ಪಡೆದ. ಇಂಗ್ಲಿಷನಿಗೇ ಇಂಗ್ಲೆಂಡಿನ ಇತಿಹಾಸ ರುಚಿಸಿದ್ದು ಬೆಂಗಳೂರಿಗೆ ಬಂದ ಮೇಲೆ! ಮಾವನ ಮುಖ ಊರಗಲವಾಯಿತು.

ಇಲ್ಲಿಗೇ ನಿಲ್ಲಿಸಬೇಕಿತ್ತು. ಬಾಯಿ ತಪ್ಪಿ ಇನ್ನೊಂದನ್ನೂ ಹೇಳಿದೆ: ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ, ವಸೂಲಾಗದ ಬಾಕಿ ಎಂದು ಬರೆದಿದೆ. ಮಾವ ಎದ್ದು ಕೂತರು. ಇಂಗ್ಲೆಂಡಿನ ಹೆಸರಿನಲ್ಲಿ ಒಂದು ಬಾಕಿ! ಅತ್ತೆ ಕ್ಯಾಲ್ಕುಲೇಟರ್ ಕೈಗೆತ್ತಿಕೊಂಡು ಶೇಕಡ 6ರ ಚಕ್ರಬಡ್ಡಿ ಹಾಕಿದರು. ಹತ್ತಿರ ಹತ್ತಿರ 20 ಸಾವಿರ.

"ಅವರ ಪರವಾಗಿ ನಾವೇ ಕಟ್ಟಿಬಿಡೋಣವೇನೇ? ಚೆಕ್ ತಗೋತಾರಾ?"

"ಧಾರಾಳವಾಗಿ ಕಟ್ಟಿ. ಅದಕ್ಕೆ ಮೊದಲು ಹಾಲಿನವನದು ಎರಡು ತಿಂಗಳಿನದು ನಿಂತಿದೆ, ಅದನ್ನು ಚುಕ್ತಾ ಮಾಡಿ" ಅಂದರು ಅತ್ತೆ.